ವೈರಸ್ಸಿನ ಔಷಧಿ ಹೊತ್ತು ಊರೂರು ತಿರುಗುವ ಸಗೀರಾ

ಮುದ್ದೇಬಿಹಾಳದ ಬಸ್ ನಿಲ್ದಾಣದ ಹಿಂದಿನ ಓಣಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಹಾದಂಗಡಿಯವನು ಸ್ಟೋವಿಗೆ ಪಂಪು ಹೊಡೆಯುತ್ತಿದ್ದಾನೆ. ಅವನ ಎದುರಿಗಿರುವ ಸೈಬರ್ ಕೆಫೆಯ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಬಗ್ಗಿ ಒಳಗೆ ಹೋದರೆ ಒಂದೇ ಒಂದು ಕಂಪ್ಯೂಟರು ಚಾಲೂ ಇದೆ. ಅದರ ಮುಂದೆ ತಲೆ ತುಂಬ ಓಢಣಿ ಹೊದ್ದ ಹೆಣ್ಣುಮಗಳೊಬ್ಬರು ಕುಳಿತಿದ್ದಾರೆ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತಿದೆ. ಒಲೆಯ ಮೇಲಿಟ್ಟ ಹಾಲನ್ನು ಕಾಯುವವರ ಹಾಗೆ ಅವರು ಅದನ್ನೇ ನೋಡುತ್ತಿದ್ದಾರೆ.

"ಈಗ ಮಾತಾಡಬ್ಯಾಡ್ರಿ ಸರ್. ಇದೊಂದು ಮುಗೀಲಿ."

ನಾನು ಮಾತಾಡಿದರೆ ಪಟ್ಟಿ ನಿಂತುಹೋಗುತ್ತದೆಯೇ ಎಂದು ಕೇಳಬೇಕೆನ್ನಿಸುತ್ತದೆ. ಧೈರ್ಯವಾಗುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಯಾವುದರಿಂದ ಯಾವುದು ಕೆಡುತ್ತದೆ ಎಂಬುದು ನನಗೆ ಈವರೆಗೂ ಬಗೆಹರಿದಿಲ್ಲ. ಈ ಅಂಕಣಕ್ಕಾಗಿ ಕಮ್ಮಾರರನ್ನು, ಗೌಂಡಿಗಳನ್ನು, ಸೂಲಗಿತ್ತಿಯರನ್ನು ಮಾತಾಡಿಸಿದ್ದೇನೆ. ಅವರೆಲ್ಲ ಏನು ಮಾಡುತ್ತಾರೆಂದು ಕಣ್ಣಿಗೆ ಕಾಣುತ್ತಿತ್ತು. ಸಗೀರಾ ಯಾಕೂಬಸಾಬ ಅವರ ಕೆಲಸ ಮಾತ್ರ ಅವರ ಜೊತೆ ಒಂದಿಡೀ ದಿನ ಕಳೆದ ಮೇಲೂ ನನಗೆ ಅರ್ಧವೇ ಅರ್ಥವಾಗಿದೆ. ಓದುಗರು ಆ ಅರ್ಧಕ್ಕೇ ಸಮಾಧಾನಪಟ್ಟುಕೊಳ್ಳಬೇಕು.

ಹಸಿರು ಪಟ್ಟಿ ತುಂಬಿದ ಮೇಲೆ ಅವರು ಹೆಬ್ಬೆರಳಿನಷ್ಟು ಉದ್ದದ ಪೆನ್ ಡ್ರೈವನ್ನು ಕಿತ್ತು ಪರ್ಸಿನೊಳಗೆ ಹಾಕಿಕೊಳ್ಳುತ್ತಾರೆ. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ, ತಿಳಿಸಿ ಹೇಳಲು ಕೂರುತ್ತಾರೆ.

"ವೈರಸ್ ಅಂದ್ರ ಕಳ್ಳ ಅಂತ ತಿಳ್ಕೋರಿ. ಆಂಟಿವೈರಸ್ ಅಂದ್ರ ಬಾಗಲದಾಗ ಕುಂತ ಕಾವಲುಗಾರ. ಆದ್ರ ದಿನಾ ಹೊಸ ಕಳ್ಳರು ಹುಟ್ಟತಾರಲ್ರಿ. ಅವರ ಮುಖಾ ಕಾವಲುಗಾರಗ ತೋರಿಸಬೇಕು. ಇಲ್ಲಾಂದ್ರ ಕಳ್ಳ ಶರಣ್ರೀ ಅಂತಾನ, ಇವನೂ ಶರಣ್ರೀ ಅಂದು ಒಳಗ ಬಿಡತಾನ. ಆ ಹೊಸ ಮುಖದ ಪಟಾ ಏನದಾವಲ್ಲ, ಅವು ಅಪ್‌ಡೇಟ್. ಅವನ್ನ ನಾ ಹೊತ್ಕೊಂಡು ಹೋಗ್ತೇನಿ."

ಈಗೀಗ ಹಳ್ಳಿಯ ಮನೆಗಳಿಗೂ ಕಂಪ್ಯೂಟರು ಬಂದಿದೆ. ಇಂಟರ್‌ನೆಟ್ ಮಾತ್ರ ಬಂದೂ ಬಾರದ ಹಾಗಿದೆ. ಟೆಲಿಫೋನ್ ತಂತಿಯಲ್ಲಿ ಕೀಂ ಕೀಂ ಎಂದು ಕೂಗುತ್ತಾ ಒಂದು ಅಪ್‌ಡೇಟು ಇಳಿಯುವಷ್ಟರಲ್ಲಿ ಮಧ್ಯಾಹ್ನ ಕಳೆದು ಸಂಜೆಯಾಗುತ್ತದೆ. ನಡುವೆ ಬೀಗರ ಫೋನು ಬಂದರೆ ಅಷ್ಟೂ ಹರಿದುಹೋಯಿತು, ಮತ್ತೆ ಮೊದಲಿನಿಂದ. ಬೀಗರ ಫೋನು ಬಾರದಿದ್ದರೆ ಕರೆಂಟು ಹೋಗುತ್ತದೆ. ಹೀಗಾಗಿ ಸಗೀರಾ ಸೈಬರಿನಲ್ಲಿ ಲೈನು ಖಾಲಿ ಇರುವ ಬೆಳಗಿನ ಜಾವ ಎಲ್ಲವನ್ನೂ ಇಳಿಸಿಕೊಂಡು, ಬಸ್ಸು ಹತ್ತಿ, ಮನೆಮನೆಗೆ ಹೋಗಿ ಹಾಕಿಬರುತ್ತಾರೆ. ದಿನಕ್ಕೆ ಮೂರ್ನಾಲ್ಕು ಮನೆ, ಬಸ್ಸು ಕೈಕೊಟ್ಟ ದಿನ ಒಂದೇ. ಬಸವನ ಬಾಗೇವಾಡಿ, ಸಿಂದಗಿ, ಒಮ್ಮೊಮ್ಮೆ ಇಂಡಿ ಪಟ್ಟಣದ ಆಚೆಗಿನ ಲಚ್ಯಾಣದವರೆಗೂ ಅವರ ಓಡಾಟ.

ತಂದೆ ಯಾಕೂಬಸಾಬ ಮಾರುಕಟ್ಟೆ ಅಂಗಳದಲ್ಲಿ ತೂಕದ ಕೆಲಸ ಮಾಡುತ್ತಿದ್ದರು. ಸಗೀರಾ ಪಿಯುಸಿಯಲ್ಲಿದ್ದಾಗ ತೀರಿಕೊಂಡರು. ತಾಯಿ ಅಬಿದಾ ಹೊಲಿಗೆ ಯಂತ್ರ ತುಳಿದು ಮನೆ ನಡೆಸಿದರು. ಸಗೀರಾ ಇಂಗ್ಲಿಷಿನಲ್ಲಿ ಫೇಲಾಗಿ, ಮನೆಯಲ್ಲಿ ಕೂರಲಾಗದೆ, ಮಾವ ಅಮೀನುದ್ದೀನರ ಸೈಬರಿಗೆ ಕಸ ಹೊಡೆಯಲೆಂದು ಹೋಗಿ ಮೌಸು ಹಿಡಿದವರು. "ಇಂಗ್ಲೀಷ್ ಈಗೂ ಬರಂಗಿಲ್ರಿ. ಪರದೆ ಮ್ಯಾಲ ಬರೋವು ಹತ್ತಿಪ್ಪತ್ತ ಮಾತು ಅದಾವು, ಅವನ್ನ ಮುಖಾ ನೋಡಿ ಗುರ್ತು ಹಿಡೀತೇನಿ" ಎಂದು ನಗುತ್ತಾರೆ. ಬಸ್ಸಿನಲ್ಲಿ ಇವರ ಚೀಲ ನೋಡಿ ನರ್ಸಬಾಯಿ ಎಂದುಕೊಂಡವರೇ ಹೆಚ್ಚು. ನಿಡಗುಂದಿಯಲ್ಲೊಬ್ಬ ಮುದುಕಿ ತೋಳು ಮುಂದೆ ಮಾಡಿ ಸೂಜಿ ಹಾಕು ಎಂದು ಕುಳಿತಿದ್ದಳಂತೆ.

ನಮ್ಮ ಕಡೆ ಕಂಪ್ಯೂಟರು ಇರುವುದು ಒಳಗಿನ ಕೋಣೆಯಲ್ಲಿ, ಗೋದ್ರೇಜ್ ಕಪಾಟಿನ ಪಕ್ಕದಲ್ಲಿ. ಗಂಡಸರು ಇಲ್ಲದ ಹೊತ್ತಿನಲ್ಲಿ ರಿಪೇರಿಯವನನ್ನು ಅಲ್ಲಿಗೆ ಬಿಡುವವರು ಕಡಿಮೆ. ಸಗೀರಾಗೆ ಆ ಅಡ್ಡಿಯಿಲ್ಲ. ಒಬ್ಬ ಮಾಸ್ತರರ ಮನೆಯವರು ಇನ್ನೊಬ್ಬ ಮಾಸ್ತರರ ಮನೆಗೆ ಹೇಳಿ, ಹೀಗೆ ಬಾಯಿಂದ ಬಾಯಿಗೆ ಹಬ್ಬಿ ಅವರಿಗೆ ಇಷ್ಟು ಮನೆಗಳು ಸಿಕ್ಕಿವೆ. "ಅಂಗಡಿಲ್ಲ, ಬೋರ್ಡಿಲ್ಲ. ಹೆಸರೊಂದ ನಂದು" ಅನ್ನುತ್ತಾರೆ.

ಇಂದು ಪಣಕ್ಕೆ ಬಿದ್ದಿರುವುದು ಆ ಹೆಸರೇ. ಗೊಳಸಂಗಿಯ ಹೈಸ್ಕೂಲು ಮಾಸ್ತರ ಕಲ್ಮೇಶ ಅವರ ಮನೆಯ ಕಂಪ್ಯೂಟರು ಎರಡು ತಿಂಗಳಿಂದ ಅಪ್‌ಡೇಟು ತೆಗೆದುಕೊಳ್ಳುತ್ತಿಲ್ಲ. ಹಾಕಿದಾಗಲೊಮ್ಮೆ ಕೆಂಪು ಡಬ್ಬಿಯೊಂದು ಮೇಲೆದ್ದು ಆಗಲಿಲ್ಲ ಎನ್ನುತ್ತದೆ. ಯಾಕೆ ಆಗಲಿಲ್ಲ ಎಂದು ಹೇಳುವುದಿಲ್ಲ. ಈಗ ಮಗಳ ತೊಟ್ಟಿಲ ಕಾರ್ಯದ ಫೋಟೋಗಳೂ ಮಾಯವಾಗಿವೆ. ನಿನ್ನೆ ಕಲ್ಮೇಶ ಫೋನು ಮಾಡಿ, ನಿಮ್ಮ ಪೆನ್ ಡ್ರೈವ್ ಬಂದ ಮ್ಯಾಲನ ಇದು ಶುರುವಾಗೈತಿ, ನಾಳೆ ಬಂದು ಏನಂತ ಹೇಳಿ ಹೋಗ್ರಿ, ಇಲ್ಲಾಂದ್ರ ನಾ ಎಲ್ಲಾರಿಗೂ ಹೇಳಬೇಕಾಗತೈತಿ ಎಂದಿದ್ದಾರೆ.

"ನಿಮ್ಮಿಂದಲೇ ಬಂದಿರಬಹುದೇ?" ಬಸ್ಸಿನಲ್ಲಿ ಮೆಲ್ಲಗೆ ಕೇಳುತ್ತೇನೆ.

"ಗೊತ್ತಿಲ್ರಿ ಸರ್. ಮೊದಲ ಸಿಡಿ ಒಯ್ತಿದ್ದೆ, ಅದಕ್ಕ ಮಂದಿ ಮನಿ ವೈರಸ್ ಹತ್ತತಿದ್ದಿಲ್ಲ. ಈ ಪೆನ್ ಡ್ರೈವ್ ತಗೊಂಡ ಮ್ಯಾಲ ಹಗುರಾತು, ಹೊಸಾ ಹೆದರಿಕೀನೂ ಬಂತು. ರಾತ್ರಿ ಎಲ್ಲಾ ಅದನ್ನ ತಲ್ಯಾಗ ತಿರುವಾಕತ್ತೇನಿ. ತಿಳೀವಲ್ದು."

ಗೊಳಸಂಗಿಯ ಆ ಮನೆಯಲ್ಲಿ ಕಂಪ್ಯೂಟರಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಾರೆ. ಕಲ್ಮೇಶರ ಹೆಂಡತಿ ವಿಜಯಲಕ್ಷ್ಮಿ ಅದನ್ನು ತೆಗೆದು ಮಡಿಚಿಡುತ್ತಾರೆ. ಕಲ್ಮೇಶ ಕುರ್ಚಿ ತೋರಿಸುತ್ತಾರೆ. ಅವರ ತಂದೆ ಶಂಕರೆಪ್ಪ ಪಡಸಾಲೆಯ ಬಾಗಿಲಲ್ಲಿ ಪಂಚಾಂಗ ಹಿಡಿದು ಕುಳಿತಿದ್ದಾರೆ. ಬೋರು ಕೊರೆಸಲು, ಎತ್ತು ತರಲು, ಹೊಸ ಮನೆಯ ಪಾಯ ತೆಗೆಯಲು ಅರ್ಧ ಊರು ಅವರನ್ನೇ ಒಳ್ಳೆಯ ದಿನ ಕೇಳುತ್ತದೆ. ದಿನ ಸರಿಯಿಲ್ಲದಿದ್ದರೆ ಹಿಂದಕ್ಕೋ ಮುಂದಕ್ಕೋ ಸರಿಸಿ ಕೊಡುತ್ತಾರೆ.

ಸಗೀರಾ ಅಪ್‌ಡೇಟು ಹಾಕುತ್ತಾರೆ. ಕೆಂಪು ಡಬ್ಬಿ. ಆಂಟಿವೈರಸ್ಸನ್ನೇ ತೆಗೆದು ಮತ್ತೆ ಕೂರಿಸುತ್ತಾರೆ. ಕೆಂಪು ಡಬ್ಬಿ. ಸೈಬರಿನ ಅಮೀನುದ್ದೀನರಿಗೆ ಫೋನು ಹಚ್ಚುತ್ತಾರೆ. ಅತ್ತ ಕಡೆಯಿಂದ, ಪೂರ್ತಿ ಅಳಿಸಿ ಹೊಸದಾಗಿ ಹಾಕು, ಬೇರೆ ದಾರಿಯಿಲ್ಲ ಎಂಬ ಉತ್ತರ ಬರುತ್ತದೆ.

"ಅಳಿಸಿದ್ರ ಫೋಟೋ?" ವಿಜಯಲಕ್ಷ್ಮಿ ಕೇಳುತ್ತಾರೆ.

"ಹೋಗ್ತಾವ್ರಿ ಅಕ್ಕಾರ."

ವಿಜಯಲಕ್ಷ್ಮಿ ಗಂಡನ ಮುಖ ನೋಡುತ್ತಾರೆ. ಕಲ್ಮೇಶ ಹೇಳುತ್ತಾರೆ: "ನೋಡ್ರಿ, ನಿಮ್ಮನ್ನ ನಂಬಿ ಮನಿಯೊಳಗ ಬಿಟ್ಟೇವಿ. ನೀವs ರೋಗ ತಂದು ಹಾಕಿ, ನೀವs ಔಷಧಿ ಕೊಡತೇನಿ ಅಂದ್ರ ಹೆಂಗ?"

ನನಗೆ ಎದ್ದು ಹೊರಗೆ ಹೋಗಿಬಿಡಬೇಕೆನ್ನಿಸುತ್ತದೆ. ಹೊಗಳಿ ಬರೆಯಲು ಬಂದವನು ನಾನು, ಈಗ ಯಾರ ಪರ ನಿಲ್ಲಬೇಕೆಂಬುದೇ ತಿಳಿಯದಾಗಿದೆ.

ಆಗ ಬಾಗಿಲ ಬಳಿಯಿಂದ ಶಂಕರೆಪ್ಪ ಸೊಸೆಯ ಹತ್ತಿರ ಚಹಾ ಕೇಳಿದಷ್ಟೇ ಸಲೀಸಾಗಿ ಹೇಳುತ್ತಾರೆ: "ಆ ತಂಗೀನ ಯಾಕ ಅಂತೀಯೋ ಕಲ್ಮೇಶಾ? ವೈರಸ್ ಬರಾಕ ಸಾಧ್ಯನs ಇಲ್ಲ. ನಾ ಬಂದೋಬಸ್ತ ಮಾಡಿ ಇಟ್ಟೇನಿ."

ಎಲ್ಲರೂ ತಿರುಗುತ್ತೇವೆ.

"ಪೇಪರಿನ್ಯಾಗ ಬಂದಿತ್ತಲ್ಲ, ಪ್ರತಿ ತಿಂಗಳ ಮೂರನೇ ತಾರೀಖಿಗೆ ಒಂದು ವೈರಸ್ ಏಳತೈತಿ, ಬರದಿದ್ದೆಲ್ಲಾ ತಿಂದು ಹಾಕತೈತಿ ಅಂತ. ಮೂರನೇ ತಾರೀಖು ಅಂದ್ರ ಅದಕ್ಕ ಅಮಾಸಿ ಇದ್ದಂಗ. ಕೆಟ್ಟ ದಿನಾ ಇದ್ರ ಸರಿಸಬೇಕು. ತಿಂಗಳಾ ತಿಂಗಳಾ ಯಾರು ನೆನಪ ಇಡತಾರ? ಅದಕ್ಕ ಒಮ್ಮೆಗೇ ಒಂದು ವರ್ಷ ಹಿಂದ ಸರಿಸಿಬಿಟ್ಟೆ. ಹೋದ ವರ್ಷ ಆ ವೈರಸ್ ಇನ್ನೂ ಹುಟ್ಟಿದ್ದಿಲ್ಲ. ಹುಟ್ಟದs ಇದ್ದದ್ದು ಹೆಂಗ ಬಂದೀತು?"

ಮಧ್ಯಾಹ್ನದ ಹೊತ್ತು ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಾ ಶಂಕರೆಪ್ಪ ಯಜಮಾನರು ಗಡಿಯಾರದ ಮೇಲೆ ಒತ್ತಿದರೆ ಕ್ಯಾಲೆಂಡರು ಏಳುವುದನ್ನು ಕಂಡುಕೊಂಡಿದ್ದರು. ಗಂಟೆ, ತಾರೀಖು, ತಿಂಗಳು ಎಲ್ಲವನ್ನೂ ಹಾಗೇ ಬಿಟ್ಟು ೨೦೦೬ನ್ನು ಮಾತ್ರ ೨೦೦೫ ಮಾಡಿದ್ದರು. ಪರದೆಯ ಮೂಲೆಯಲ್ಲಿ ಗಂಟೆಯಷ್ಟೇ ಕಾಣುವುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರ ತರ್ಕದಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಲು ನನಗೆ ಬಹಳ ಹೊತ್ತು ಬೇಕಾಗುತ್ತದೆ. ನಿಜ ಹೇಳಬೇಕೆಂದರೆ ಈಗಲೂ ಪೂರ್ತಿ ಸಿಕ್ಕಿಲ್ಲ.

ಸಗೀರಾಗೆ ಸಿಕ್ಕಿತು. "ಯಪ್ಪಾ, ಯಜಮಾನ್ರ, ಹೋದ ವರ್ಷದಾಗ ಕುಂತ ಕಾವಲುಗಾರಗ ಈ ವರ್ಷದ ಪಟಾ ಕೊಟ್ರ ಇವು ಸುಳ್ಳ ಪಟಾ ಅಂತ ಒಗದs ಒಗೀತಾನ" ಎಂದು ಹಣೆ ಹಿಡಿದುಕೊಂಡು ನಕ್ಕುಬಿಡುತ್ತಾರೆ. "ನಾನೂ ಗಂಟಿ ನೋಡಿದ್ದೆ. ಸರಿ ಇತ್ತು. ವರ್ಷ ತಪ್ಪೀತು ಅಂತ ಯಾರು ಅಂದ್ಕೊಂಡಾರು?" ಕಲ್ಮೇಶರಿಗೂ ನಗು ತಡೆಯಲಾಗುವುದಿಲ್ಲ. ನಗು ಮುಚ್ಚಿಕೊಳ್ಳಲು ಹಿತ್ತಲಿಗೆ ಹೋಗುತ್ತಾರೆ. ವಿಜಯಲಕ್ಷ್ಮಿ ಚಹಾಕ್ಕೆ ಇಡುತ್ತಾರೆ.

ವರ್ಷ ಸರಿಮಾಡಿದ ಕೂಡಲೇ ಅಪ್‌ಡೇಟು ತಕರಾರಿಲ್ಲದೆ ಕೂರುತ್ತದೆ. ಕಾವಲುಗಾರ ಕೋಣೆ ಕೋಣೆ ತಿರುಗಿ ಕಳ್ಳನನ್ನು ಹಿಡಿಯುತ್ತಾನೆ. ಫೋಟೋಗಳು ಎಲ್ಲೂ ಹೋಗಿರಲಿಲ್ಲ, ವೈರಸ್ಸು ಅವನ್ನು ಕಣ್ಣಿಗೆ ಕಾಣದಂತೆ ಬಚ್ಚಿಟ್ಟಿತ್ತು ಎಂದು ಸಗೀರಾ ನನಗೆ ಹೇಳುತ್ತಾರೆ. ಕತೆ ಇಲ್ಲಿಗೆ ಸುಖಾಂತ್ಯ ಎಂದುಕೊಂಡು ನಾನು ಪೆನ್ನಿನ ಟೋಪಿ ಹಾಕುತ್ತಿರುವಾಗ ಪರದೆಯ ಮೇಲೆ ಇನ್ನೊಂದು ಕೆಂಪು ಸಾಲು ಬರುತ್ತದೆ. ಕಾವಲುಗಾರ ಕಂಪ್ಯೂಟರನ್ನು ಮುಗಿಸಿ, ಅದಕ್ಕೆ ಸಿಕ್ಕಿಸಿದ್ದ ಪೆನ್ ಡ್ರೈವನ್ನೂ ಜಾಲಾಡಿದ್ದಾನೆ. ಅದೇ ಕಳ್ಳ ಅಲ್ಲಿಯೂ ಇದ್ದಾನೆ.

ಕೋಣೆಯಲ್ಲಿ ಆಗ ಇರುವವರು ನಾವಿಬ್ಬರೇ. ಒಂದು ಬಟನು ಒತ್ತಿದರೆ ಆ ಸಾಲು ಅಳಿಸಿಹೋಗುತ್ತದೆ, ಅಷ್ಟು ನನಗೂ ಗೊತ್ತಾಗುತ್ತದೆ. ಒತ್ತಿಬಿಡಲಿ ಎಂದು ನನ್ನ ಮನಸ್ಸು ಬಯಸಿದ್ದನ್ನು ಮುಚ್ಚಿಡುವುದಿಲ್ಲ. ಸಗೀರಾ ಕೆಂಪು ಸಾಲನ್ನು ನೋಡುತ್ತಾರೆ, ಓಢಣಿಯ ಅಂಚನ್ನು ಸರಿಮಾಡಿಕೊಳ್ಳುತ್ತಾರೆ, ಆಮೇಲೆ ಕೂಗುತ್ತಾರೆ.

"ಅಣ್ಣಾರ, ಒಂದೀಟು ಇಲ್ಲಿ ಬರ್ರಿ."

ಕಲ್ಮೇಶ ಬರುತ್ತಾರೆ. ಮುಖದಲ್ಲಿ ಇನ್ನೂ ನಗುವಿದೆ.

"ಇದು ನನ್ನ ಪೆನ್ ಡ್ರೈವ್ ರೀ. ಇದರಾಗೂ ಐತಿ. ಈ ವೈರಸ್ಸಿನ ಮುಖಾ ಇವತ್ತಿನ ಅಪ್‌ಡೇಟಿನ್ಯಾಗs ಬಂದೈತಿ, ಅದಕ್ಕ ನನಗ ಇಲ್ಲೀತನಾ ಗೊತ್ತಾಗಿಲ್ಲ."

ನಗು ಹೋಗುತ್ತದೆ. "ಹಂಗಾರ ನಾ ಅಂದಿದ್ದು ಖರೇ ಆತಲ್ಲ?"

"ಖರೇ ಇರಬಹುದ್ರಿ. ನಿಮ್ಮಿಂದ ನನಗ ಬಂದಿದ್ದೂ ಇರಬಹುದು. ಯಾವುದು ಮೊದಲು ಅಂತ ನನಗ ತಿಳಿಯಂಗಿಲ್ಲ. ತಿಳಿದಂಗ ಮಾತಾಡಾಕ ನನಗ ಬರಂಗಿಲ್ಲ."

ಕಲ್ಮೇಶ ಕಂಪ್ಯೂಟರನ್ನು ನೋಡುತ್ತಾರೆ, ತಂದೆಯನ್ನು ನೋಡುತ್ತಾರೆ, ಸಗೀರಾರನ್ನು ನೋಡುತ್ತಾರೆ. ಯಾರ ಮೇಲೆ ಸಿಟ್ಟಾಗಬೇಕೆಂದು ಅವರಿಗೂ ಗೊತ್ತಾಗದಿರುವುದು ಎದ್ದು ಕಾಣುತ್ತದೆ. ಶಂಕರೆಪ್ಪ ಪಂಚಾಂಗ ಮಡಿಚಿ ಪಕ್ಕಕ್ಕಿಡುತ್ತಾರೆ. ವಿಜಯಲಕ್ಷ್ಮಿ ಚಹಾ ತಂದು ಮೊದಲ ಕಪ್ಪನ್ನು ಸಗೀರಾ ಕೈಗೇ ಕೊಡುತ್ತಾರೆ. ಫೋಟೋಗಳೆಲ್ಲ ಪರದೆಗೆ ಮರಳಿದ ಮೇಲೆ ಸಗೀರಾ ಚೀಲ ಹೆಗಲಿಗೇರಿಸಿಕೊಂಡು ಕೇಳುತ್ತಾರೆ: "ಮುಂದಿನ ತಿಂಗಳ ಬರ್ಲ್ಯಾ ಅಣ್ಣಾರ?"

"ನೋಡೂಣು" ಅನ್ನುತ್ತಾರೆ ಕಲ್ಮೇಶ.

ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ಕಾಯುತ್ತಾ ಸಗೀರಾ ಎರಡು ತಿಂಗಳಲ್ಲಿ ಪೆನ್ ಡ್ರೈವು ಹೋದ ಮನೆಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತಾರೆ. ಬಾಗೇವಾಡಿಯ ಫರಹತ, ಸಿಂದಗಿಯ ವಕೀಲರು, ಲಚ್ಯಾಣದ ಮಠದ ಓಣಿಯ ಮನೆ. ಎಲ್ಲ ಕಡೆಗೂ ಮತ್ತೆ ಹೋಗಬೇಕು, ಹೋಗಿ ಬಾಗಿಲಲ್ಲಿ ನಿಂತು ಇಂಥ ಮಾತು ಹೇಳಬೇಕು. ಕೆಲವರು ಒಳಗೆ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿದೆ. ನನಗೆ ಸಂಕಟವಾಗುತ್ತದೆ. ಎಲೆಮರೆಯ ಕಾಯಿಯ ಬಗ್ಗೆ ಬರೆಯುತ್ತೇನೆಂದು ಬಂದು ಕಾಯಿಗೇ ಕಲ್ಲು ಬೀಳುವುದನ್ನು ನೋಡಿದಂತಾಯಿತು. ಪೆನ್ ಡ್ರೈವಿನ ವಿಷಯ ಬರೆಯುವುದಿಲ್ಲ, ಯಜಮಾನರು ವರ್ಷ ಸರಿಸಿದ್ದಕ್ಕೇ ನಿಲ್ಲಿಸುತ್ತೇನೆ, ಓದುವವರು ನಕ್ಕು ಮರೆಯುತ್ತಾರೆ ಎಂದು ಸಮಾಧಾನ ಹೇಳುತ್ತೇನೆ.

ಸಗೀರಾ ಬಸ್ಸು ಬರುವ ದಿಕ್ಕನ್ನು ಬಿಟ್ಟು ನನ್ನ ಕಡೆ ತಿರುಗುತ್ತಾರೆ.

"ಬರೀರಿ ಸರ್. ನಾ ಹೋದ ಮನಿ ನನಗ ಗೊತ್ತು, ಅಲ್ಲಿಗೆ ನಾ ಹೋಗ್ತೇನಿ. ಆ ಮನ್ಯಾಗಿಂದ ಮತ್ಯಾರ ಪೆನ್ ಡ್ರೈವಿನ್ಯಾಗ ಈ ವೈರಸ್ ಎಲ್ಲೆಲ್ಲಿ ಹೋಗೇತೋ, ಅಲ್ಲಿಗೆ ನಾ ಹೆಂಗ ಹೋಗ್ಲಿ? ಪೇಪರ್ ಹೋಗತೈತಿ. ನನ್ನ ಹೆಸರು ಹಾಕಿs ಬರೀರಿ. ಹೆಸರಿಲ್ಲಾಂದ್ರ ಯಾರದೋ ಸುದ್ದಿ ಅಂತ ಪುಟಾ ತಿರುವತಾರ. ಸಗೀರಾ ಬಂದು ಹೋದ ಮನಿ ಅಂತ ಗೊತ್ತಾದ್ರ ಒಮ್ಮೆ ಕಂಪ್ಯೂಟರ್ ತಗದು ನೋಡತಾರ."