ಅಣ್ಣತಮ್ಮಂದಿರ ರಾಜಿಯಲ್ಲಿ ನನ್ನ ಅಂಗಡಿ

ಇವತ್ತು ಬೆಳಿಗ್ಗೆಯಿಂದ ಕೋರ್ಟಿನ ವರಾಂಡದಲ್ಲಿ ಕೂತು, ಎದ್ದು, ಮತ್ತೆ ಕೂತು ಸಾಕಾಯಿತು ಮಾರಾಯ್ರೇ. ಪೈವಳಿಕೆಯಲ್ಲಿ ನನ್ನ ಟೈಲರಿಂಗ್ ಅಂಗಡಿ ಇರುವ ಕಟ್ಟಡದ ಪಾಲಿಗಾಗಿ ಶೇಖರಣ್ಣ ಮತ್ತು ಅವರ ತಮ್ಮ ಉಮೇಶಣ್ಣ ವರ್ಷಗಳಿಂದ ದಾವೆ ನಡೆಸುತ್ತಿದ್ದರು. ಬಾಡಿಗೆಯವಳಾದ ನನ್ನನ್ನೂ ಅದರಲ್ಲಿ ಪ್ರತಿವಾದಿ ಮಾಡಿದ್ದರು. ಇವತ್ತು ಅವರ ರಾಜಿ.

"ಸುಮ್ಮನೆ ಒಂದು ಸೈನ್ ಅಕ್ಕಾ, ನಿಮಗೆ ಎಂತದೂ ತೊಂದರೆ ಇಲ್ಲ," ಎಂದರು ಶೇಖರಣ್ಣನ ವಕೀಲರು.

ನಮ್ಮ ಗಡಿನಾಡಿನ ಕೋರ್ಟಿನಲ್ಲಿ ಕಾಗದವೆಲ್ಲ ಮಲಯಾಳದಲ್ಲೇ; ರಾಜಿಪತ್ರವನ್ನು ಅಕ್ಷರ ಕೂಡಿಸಿ ಓದಿದೆ. ಅಂಗಡಿ ಖಾಲಿ ಮಾಡಲು ನಾನು ಒಪ್ಪಿದ್ದೇನೆ ಎಂದು ಬರೆದಿತ್ತು!

"ಇದೆಂತ ಶೇಖರಣ್ಣ? ನಾನು ಯಾವಾಗ ಒಪ್ಪಿದ್ದು?"

"ಅದು ಮತ್ತೆ ಮಾತಾಡುವ ಝೊಹರಾ. ಈಗ ಕರೀತಾರೆ."

ನಮ್ಮ ಕೇಸನ್ನು ಕರೆದೇಬಿಟ್ಟರು. ನಾನು ಸಹಿ ಹಾಕದೆ ನಿಂತೆ. ನ್ಯಾಯಾಧೀಶರು ಕಾರಣ ಕೇಳಿದರು.

"ಆಸ್ತಿ ಇವರದ್ದು, ಜಗಳವೂ ಇವರದ್ದೇ ಸರ್. ನನ್ನ ಅಂಗಡಿ ಯಾಕೆ ಇದರಲ್ಲಿ?" ಎಂದೆ.

ಅವರು ವಕೀಲರ ಕಡೆ ತಿರುಗಿದರು. "ಪಾಲಿನ ದಾವೆಗೆ ಬಾಡಿಗೆಯವರನ್ನು ಯಾಕೆ ಸೇರಿಸಿದಿರಿ? ಖಾಲಿ ಮಾಡಿಸಬೇಕಿದ್ದರೆ ಬೇರೆ ದಾವೆ ಹಾಕಿ."

ಕೊನೆಗೆ ನನ್ನ ಹೆಸರನ್ನೂ ಆ ಷರತ್ತನ್ನೂ ತೆಗೆಸಿ, ಅಣ್ಣತಮ್ಮಂದಿರ ನಡುವಿನ ರಾಜಿಗೆ ಮಾತ್ರ ಒಪ್ಪಿಗೆ ಕೊಟ್ಟರು.

ಹೊರಗೆ ಬಂದರೆ, ಇಷ್ಟು ವರ್ಷ ಒಬ್ಬರ ಮುಖ ಒಬ್ಬರು ನೋಡದ ಇಬ್ಬರೂ ಒಟ್ಟಿಗೆ ನನ್ನನ್ನು ಬಯ್ಯುತ್ತಾ ಒಂದೇ ರಿಕ್ಷಾ ಹತ್ತಿದರು. ಬೇರೆ ದಾವೆ ಯಾವಾಗ ಬರುತ್ತದೋ ಎಂಬ ಹೆದರಿಕೆ ನನಗೆ ಇನ್ನೂ ಇದೆ. ಆದರೂ ಆ ಅಣ್ಣತಮ್ಮಂದಿರನ್ನು ನಿಜಕ್ಕೂ ಒಂದು ಮಾಡಿದವಳು ನಾನೇ ಅಲ್ಲವಾ?