ಜೋಗಿಮಟ್ಟಿಯ ಕೊಂಡಕುರಿಯನ್ನು ಓಡಿಸಿದ್ದು

ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ನಮ್ಮ ಯಜಮಾನರು ಪಡಸಾಲೆಯ ಕುರ್ಚಿ ಬಿಟ್ಟು ಏಳಲಿಲ್ಲ. ಡಾಕ್ಟರು "ನಡೀರಿ, ನಡೆದಷ್ಟೂ ಒಳ್ಳೇದು, ಏನೂ ಆಗಲ್ಲ" ಎಂದು ಧೈರ್ಯ ಹೇಳಿಯೇ ಕಳಿಸಿದ್ದರು. ಇವರು ಗೇಟಿನ ತನಕ ಹೋಗಿ ಹಾಲಿನ ಪ್ಯಾಕೆಟ್ ತರುವುದಕ್ಕೂ ಹೆದರುತ್ತಿದ್ದರು. ಹೀಗೇ ಕೂತರೆ ಈ ಮನುಷ್ಯ ಕುರ್ಚಿಯಲ್ಲೇ ಮುಗಿದುಹೋಗುತ್ತಾರೆ ಅಂತ ನನಗೆ ಒಳಗೊಳಗೇ ನಡುಕ. ಅದನ್ನು ಬಾಯಿಬಿಟ್ಟು ಹೇಳುವ ಬದಲು, ನನ್ನ ಸ್ವಭಾವದಂತೆ, ಜಂಬ ಕೊಚ್ಚಿದೆ.

"ಜೋಗಿಮಟ್ಟಿ ಗುಡ್ಡಕ್ಕೆ ಹೋಗಾಣ ಏಳ್ರಿ. ನವಿಲು ಅವೆ, ಕರಡಿ ಅವೆ, ತಂಪು ಗಾಳಿ ಐತೆ."

"ನನ್ನ ಕೈಲಿ ಆಗಲ್ಲ ಕಣೇ."

"ನಾನಿದೀನಲ್ರಿ! ನಾನು ಬಿ.ದುರ್ಗದ ಕಡೆಯೋಳು. ನಮಗೆ ಗುಡ್ಡ ಹತ್ತಾದು ಅಂದ್ರೆ ಅಡಿಗೆಮನೇಗೆ ಹೋಗಿ ಬಂದಂಗೆ."

ಅಟ್ಟ ಹತ್ತಲಾರದವಳು ಬೆಟ್ಟ ಹತ್ತಿಯಾಳೇ ಅನ್ನುವ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು. ಮಂಡಿನೋವಿನ ನೆಪದಲ್ಲಿ ಮಹಡಿ ಮೇಲೆ ಬಟ್ಟೆ ಒಣಹಾಕುವುದನ್ನೇ ನಿಲ್ಲಿಸಿ ಯಾವ ಕಾಲವಾಯಿತೋ. ಆದರೂ ಭಾನುವಾರ ಬೆಳಗ್ಗೆ ಗಿಳಿಹಸಿರು ಸೀರೆ ಉಟ್ಟು, ಕೈತುಂಬ ಗಾಜಿನ ಬಳೆ ತೊಟ್ಟು, ಮಗಳು ಕೊಡಿಸಿದ್ದ ಬಿಳಿ ಬೂಟು ಹಾಕಿಕೊಂಡು ಹೊರಟೆ. ಕೈಚೀಲದಲ್ಲಿ ಒಗ್ಗರಣೆ ಮಂಡಕ್ಕಿ, ಆಗಷ್ಟೇ ಕರಿದ ಮೆಣಸಿನಕಾಯಿ ಬಜ್ಜಿ. ದುರ್ಗದವರು ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ಹೊಸಿಲು ದಾಟಿದ್ದುಂಟೇ? ಅವರ ಪಾಲಿಗೆ ಬೇರೆ ಡಬ್ಬಿಯಲ್ಲಿ ಎಣ್ಣೆ ಮುಟ್ಟಿಸದ ಬರೀ ಮಂಡಕ್ಕಿ ತುಂಬಿದ್ದೆ.

ಅರಣ್ಯದ ಗೇಟಿನಲ್ಲಿದ್ದ ಕಾವಲುಗಾರ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. "ಅಮ್ಮಾ, ಪ್ರಾಣಿ ನೋಡಾಕೆ ಬಂದೀರೋ, ಬೀಗರ ಮನೇಗೆ ಹೊಂಟೀರೋ?" ಅಂದ. ಆಮೇಲೆ ಯಜಮಾನರ ಕಡೆ ತಿರುಗಿ, "ಗದ್ದಲ ಮಾಡಬ್ಯಾಡ್ರಿ ಸಾರ್, ಸುಮ್ನಿದ್ರೆ ಏನಾದ್ರೂ ಕಾಣ್ತಾವೆ" ಎಂದ. ನನಗೆ ಹೇಳಿ ಪ್ರಯೋಜನವಿಲ್ಲ ಎಂದು ಅವನಿಗೆ ಮುಖ ನೋಡಿಯೇ ಗೊತ್ತಾಗಿತ್ತು.

ಎರಡು ತಿರುವು ದಾಟುವಷ್ಟರಲ್ಲಿ ನನ್ನ ಉಸಿರು ತಿದಿ ಒತ್ತಿದಂತೆ ಸದ್ದು ಮಾಡತೊಡಗಿತು. ಯಜಮಾನರು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ, ನಿಂತು ನಿಂತು, ಬರುತ್ತಲೇ ಇದ್ದರು. ಸುಸ್ತಾಯಿತು ಎಂದು ಒಪ್ಪಿಕೊಂಡರೆ ನನ್ನ ಮಾನ ಏನಾಗಬೇಕು? "ಕುಂತ್ಕಳ್ರಿ, ಮಂಡಕ್ಕಿ ಮೆತ್ತಗಾಗುತ್ತೆ" ಅಂದೆ. ನಮ್ಮ ಸೀಮೆಯಲ್ಲಿ ಈ ಮಾತಿಗೆ ಎದುರು ಮಾತಿಲ್ಲ. ಮದುವೆ ದಿಬ್ಬಣವನ್ನಾದರೂ ನಿಲ್ಲಿಸಿಯೇವು, ಕಲಸಿದ ಮಂಡಕ್ಕಿಯನ್ನು ಕಾಯಿಸುವುದಿಲ್ಲ.

ರಸ್ತೆಯಂಚಿನ ಬಂಡೆಯ ಮೇಲೆ ಕೂತೆವು. ಎಣ್ಣೆ ರಕ್ತನಾಳಕ್ಕೆ ಏನು ಮಾಡುತ್ತದೆ ಎಂದು ಅವರಿಗೆ ವಿವರಿಸುತ್ತಲೇ ನಾನು ಮೂರನೆಯ ಮೆಣಸಿನಕಾಯಿಗೆ ಕೈ ಹಾಕಿದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನನ್ನ ಕುರುಕಲು ಸದ್ದಿಗೋ ಬಳೆ ಸದ್ದಿಗೋ, ಎದುರಿನ ಪೊದೆಯಲ್ಲಿ ಇದ್ದ ನವಿಲೊಂದು ಬೇಸರಪಟ್ಟುಕೊಂಡು ಎದ್ದುಹೋಯಿತು. ಯಜಮಾನರು ತಮ್ಮ ಸಪ್ಪೆ ಮಂಡಕ್ಕಿಯನ್ನೊಮ್ಮೆ, ನನ್ನ ಕೈಯನ್ನೊಮ್ಮೆ ನೋಡಿದರು. ಡಬ್ಬಿ ಮುಚ್ಚಿದರು.

"ನೀನು ತಿನ್ನು ತಾಯಿ, ನಾನು ಮುಂದೆ ಹೋಗಿರ್ತೀನಿ" ಎಂದು ಸಿಟ್ಟಿನಲ್ಲಿ ಎದ್ದು ನಡೆದೇಬಿಟ್ಟರು.

ನನಗೆ ಒಳಗೇ ಖುಷಿ. ನಡೀಲಿ, ನಡೀಲಿ ಅಂದುಕೊಂಡೆ. ತಿರುವಿನಲ್ಲಿ ಅವರ ಬೆನ್ನು ಮರೆಯಾಯಿತು. ಖುಷಿ ಅಷ್ಟಕ್ಕೇ ಮುಗಿಯಿತು. ಗಾಳಿ ನಿಂತಿತ್ತು, ಹೆಜ್ಜೆ ಸದ್ದೂ ಕೇಳಿಸಲಿಲ್ಲ. ಮೊದಲು ಕರಡಿ ನೆನಪಾಯಿತು, ಆಮೇಲೆ ಚಿರತೆ, ಆಮೇಲೆ ಸ್ಟೆಂಟ್ ಹಾಕಲು ಅವರನ್ನು ಒಳಗೆ ಒಯ್ದ ಆಸ್ಪತ್ರೆಯ ಗಾಜಿನ ಬಾಗಿಲು. ಏರುದಾರಿ, ಒಬ್ಬರೇ, ಸಿಟ್ಟು ಬೇರೆ. ಅಯ್ಯೋ ಶಿವನೇ, ನಾನೇ ಕರಕೊಂಡು ಬಂದು ಕೊಂದೆನಲ್ಲಪ್ಪಾ! ಮಂಡಕ್ಕಿ ಚೆಲ್ಲಿಹೋದದ್ದೂ ಗೊತ್ತಾಗಲಿಲ್ಲ. ಮಂಡಿಯನ್ನು ಮರೆತು ಸೀರೆ ಎತ್ತಿಕಟ್ಟಿ ಓಡಿದೆ.

"ರೀ! ರೀ! ಎಲ್ಲಿದೀರಿ? ರೀ!"

ಜೋಗಿಮಟ್ಟಿಯ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ತಿರುವು ದಾಟಿದರೆ ಯಜಮಾನರು ಒಂದು ಮರಕ್ಕೆ ಆತು ಅಲುಗಾಡದೆ ನಿಂತಿದ್ದರು. ನನಗೆ ಸುಮ್ಮನಿರು ಎಂದು ಕೈ ಬೀಸಿದರು. ನಾನು ಇನ್ನೇನು ಬಿದ್ದೇಹೋಗುತ್ತಾರೆ ಅಂದುಕೊಂಡು ಇನ್ನೂ ಜೋರಾಗಿ ಕಿರುಚಿದೆ. ಅವರ ಎದುರಿಗಿದ್ದ ಕಂದು ಬಣ್ಣದ ಪ್ರಾಣಿಯೊಂದು ಚಂಗನೆ ನೆಗೆದು ಕುರುಚಲು ಗಿಡಗಳಲ್ಲಿ ಮಾಯವಾಯಿತು. ನನಗೆ ಸಿಕ್ಕಿದ್ದು ಅದರ ಹಿಂಭಾಗದ ದರ್ಶನ ಮಾತ್ರ.

"ಲೇ! ಅದು ಬಾಯೇನೇ, ಡೊಳ್ಳೇನೇ?" ಯಜಮಾನರು ಗುಡುಗಿದರು. "ಕೊಂಡಕುರಿ ಕಣೇ, ನಾಕು ಕೊಂಬಿಂದು! ಎಷ್ಟು ಹತ್ರ ನಿಂತಿತ್ತು ಗೊತ್ತಾ? ಉಸಿರು ಬಿಗಿಹಿಡ್ಕಂಡು ನೋಡ್ತಿದ್ದೆ. ಓಡಿಸಿಬಿಟ್ಟೆಲ್ಲ! ಯಾರು ಸತ್ರು ಅಂತ ಹಂಗೆ ಹೊಯ್ಕಂಡೆ?"

ಆಸ್ಪತ್ರೆಯಿಂದ ಬಂದಾಗಿನಿಂದ ಜೋರಾಗಿ ಮಾತಾಡಿದರೆ ಎದೆ ಒಡೆದುಹೋಗುತ್ತದೆ ಅನ್ನುವಂತೆ ಪಿಸುಗುಟ್ಟುತ್ತಿದ್ದ ಮನುಷ್ಯ. ಈಗ ಅವರ ದನಿ ಎದುರಿನ ಗುಡ್ಡಕ್ಕೆ ತಾಗಿ ವಾಪಸು ಬರುತ್ತಿತ್ತು. ಯಾರು ಸತ್ತರೆಂದು ಹೇಗೆ ಹೇಳಲಿ? ರಸ್ತೆಯ ಮೇಲೇ ಕೂತೆ. ಅಳು ನುಗ್ಗಿ ಬಂತು, ಜೊತೆಗೇ ನಗುವೂ.

ಯಜಮಾನರು ಗಾಬರಿಯಿಂದ ದಡದಡ ಇಳಿದು ಬಂದರು. "ಏನಾತೇ? ಎದೆ ನೋಯ್ತೈತಾ?"

"ಏನಿಲ್ಲ" ಅಂದೆ. "ಇನ್ನೊಂದು ಸಲ ಬೈರಿ."