ಜಪಾನಿಗೆ ನಾಲ್ಕು ನಿಂಬೆಹಣ್ಣು

೧೯೯೬ರಲ್ಲಿ, ಒಂಬತ್ತನೆಯ ಇಯತ್ತೆಯ ಅರ್ಧಕ್ಕೆ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಿದ್ದಲ್ಲ. ಗಣಿತದ ಮಾಸ್ತರರಿಗೂ ನನಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಉಳಿದಿರಲಿಲ್ಲ, ಅಷ್ಟೆ. ಆಮೇಲೆ ಟೆಂಪೋ ಹೊಡೆದೆ, ಲಾರಿ ಹೊಡೆದೆ, ಬಾಗಲಕೋಟೆಯಿಂದ ಗೋವಾಕ್ಕೆ ಉಳ್ಳಾಗಡ್ಡಿ ಸಾಗಿಸಿದೆ. ನನ್ನ ಸೋದರಮಾವನ ಮಗಳು ಮಾತ್ರ ಓದುತ್ತಲೇ ಹೋದಳು, ಇಂಜಿನಿಯರ್ ಆದಳು, ಅದಾದ ಮೇಲೂ ನನ್ನನ್ನೇ ಮದುವೆಯಾದಳು. ಅವಳಿಗೆ ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಾಗ ನಾನೂ ಹೊರಟೆ. ಮನೆಯಲ್ಲಿ ಕೂತು ತಿನ್ನುವ ಜಾತಿಯಲ್ಲ ನಾನು. ಭಾಷೆ ಕಲಿತೆ. ಪರೀಕ್ಷೆಯಲ್ಲಿ ಒಮ್ಮೆ ಬಿದ್ದೆ, ಮತ್ತೆ ಕೂತೆ, ಪಾಸಾದೆ. ಬಸ್ಸಿನ ಫ್ಯೂರರ್‌ಶೈನ್, ಅಂದರೆ ಲೈಸೆನ್ಸ್, ತೆಗೆದುಕೊಂಡೆ. ಈಗ ಈ ಊರಿನ ಸಿಟಿ ಬಸ್ಸಿನ ಚಾಲಕ ನಾನು. ನಡುವೆ ಹಾರ್ಮೋನಿಯಂ ತಿದಿಯ ಹಾಗೆ ಮಡಚಿಕೊಳ್ಳುವ ಉದ್ದನೆಯ ಗಾಡಿಯನ್ನು ಒಂದು ಸೈಕಲ್ಲಿಗೂ ತಾಗಿಸದೆ ತಿರುಗಿಸುತ್ತೇನೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಇಂಥ ನನಗೆ ಒಂದು ತೊಂದರೆಯಿದೆ. ಚಾಲಕನಿಲ್ಲದ ಗಾಡಿಯಲ್ಲಿ ಕೂರಲು ಆಗುವುದಿಲ್ಲ. ವಿಮಾನ ಪರವಾಗಿಲ್ಲ, ಅದರಲ್ಲಿ ಒಬ್ಬ ಪೈಲಟ್ ಇರುತ್ತಾನೆ, ನಡುನಡುವೆ ಮೈಕಿನಲ್ಲಿ ಮಾತಾಡಿ ತಾನು ಎಚ್ಚರ ಇದ್ದೇನೆಂದು ತೋರಿಸುತ್ತಾನೆ. ಆದರೆ ಈ ರೋಲರ್ ಕೋಸ್ಟರ್ ಎಂಬುದಿದೆಯಲ್ಲ, ಅದಕ್ಕೆ ಸ್ಟೇರಿಂಗ್ ಇಲ್ಲ, ಪೆಡಲ್ ಇಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ. ಎತ್ತರಕ್ಕೆ ಹತ್ತಿಸಿ ಕೈಬಿಡುತ್ತಾರೆ. ಮಗಳಿಗೆ ಇದರದೇ ಹುಚ್ಚು. ಅವಳಿಗೆ ಒಂಬತ್ತು ವರ್ಷ. ದೊಡ್ಡ ಕೋಸ್ಟರಿಗೆ ಅಷ್ಟು ಸಣ್ಣವರನ್ನು ಒಬ್ಬರನ್ನೇ ಬಿಡುವುದಿಲ್ಲ, ದೊಡ್ಡವರೊಬ್ಬರು ಪಕ್ಕದಲ್ಲಿ ಕೂರಬೇಕು. ಹೆಂಡತಿಯ ಕುತ್ತಿಗೆಯ ಎಲುಬು ಸರಿದು ಡಾಕ್ಟರು ಇಂಥದ್ದಕ್ಕೆಲ್ಲ ಬೇಡ ಎಂದಿದ್ದಾರೆ. ಉಳಿದವನು ನಾನು. ನಾನು ಹತ್ತಿದರೆ ಅವಳು ಹತ್ತುತ್ತಾಳೆ, ಇಲ್ಲವಾದರೆ ಕೆಳಗೆ ನಿಂತು ಬೇರೆಯವರ ಕಿರಿಚಾಟ ಕೇಳುತ್ತಾಳೆ.

ಜರ್ಮನಿಯ ಪಾರ್ಕುಗಳಲ್ಲಿ ನಾನು ಒಂದೊಂದು ಸಲ ಒಂದೊಂದು ನೆವ ಹೇಳಿ ತಪ್ಪಿಸಿಕೊಂಡೆ. ಹೊಟ್ಟೆನೋವು. ಮಳಿ ಬರೂ ಹಂಗೈತಿ. ಬೂಟು ಸಡಿಲ. ಒಂದು ದಿನ ಅವಳು ಐಸ್‌ಕ್ರೀಮ್ ನೆಕ್ಕುತ್ತ ನೇರವಾಗಿ ಕೇಳಿಯೇಬಿಟ್ಟಳು.

"ಪಪ್ಪಾ, ನಿಂಗ ಅಂಜಿಕಿ ಐತಿ?"

"ಅಂಜಿಕಿ? ನನಗ? ಇವೆಲ್ಲಾ ಸಣ್ಣ ಹುಡುಗರ ಗಾಡಿ ಅವ್ವಾ. ಜಪಾನಿನ್ಯಾಗ ಅದಾವಂತ ನೋಡು, ಅಂಥಾದ್ರಾಗ ಕುಂಡ್ರತೀನಿ ನಾ. ಅದೂ ಮುಂದಿನ ಸಾಲಿನ್ಯಾಗ!"

ಜಪಾನ್ ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ. ದೂರ ಇದೆ ಎಂಬ ಧೈರ್ಯ ಇರಬೇಕು. ಆ ಮಾತು ಐಸ್‌ಕ್ರೀಮಿನ ಜೊತೆ ಕರಗಿತೆಂದು ತಿಳಿದಿದ್ದೆ. ಆದರೆ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು.

"ರೀ, ಎರಡು ವಾರ ಉರ್ಲಾಬ್ ಹಾಕ್ರಿ."

ಉರ್ಲಾಬ್ ಅಂದರೆ ರಜೆ. "ಯಾಕ? ಊರಿಗೇನು?" ಎಂದೆ.

"ಊರಿಗಲ್ಲ. ನೀವ ಹೇಳಿದ ಕಡೆ. ಟಿಕೆಟ್ ಆಗ್ಯಾವ."

ಮಗಳು ಸೋಫಾದ ಮೇಲೆ ನಿಂತು ಕುಣಿಯುತ್ತಿದ್ದಳು. ಅಪ್ಪ ಜಪಾನಿನಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾನೆ ಎಂದು ಅವಳಾಗಲೇ ಇಡೀ ತರಗತಿಗೆ ಸಾರಿಬಿಟ್ಟಿದ್ದಳು.

ಆಗ ನಾನು ನನಗೆ ಗೊತ್ತಿದ್ದ ಒಂದೇ ತಯಾರಿ ಮಾಡಿಕೊಂಡೆ. ಹೊಸ ಗಾಡಿ ಹತ್ತುವ ಮೊದಲು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿಕೊಂಡು ಹೋಗುವುದು ನಮ್ಮ ಕಡೆ ಕಟ್ಟುನಿಟ್ಟು. ರೇಗನ್ಸ್‌ಬರ್ಗ್‌ನ ಡಿಪೋದಲ್ಲೂ ನಾನಿದನ್ನು ಬಿಟ್ಟಿಲ್ಲ. ಮೊದಲ ಸಲ ನೋಡಿದ ಮೇಲಧಿಕಾರಿ, ಇದು ಟೈರಿನ ಗಾಳಿ ನೋಡುವ ಭಾರತೀಯ ವಿಧಾನವೇ ಎಂದು ಕೇಳಿದರು. ಹೌದು ಎಂದೆ. ಈಗ ಅವರೇ ಹೊಸ ಬಸ್ಸು ಬಂದರೆ ನನ್ನನ್ನು ಕರೆಯುತ್ತಾರೆ. ಹಾಗಾಗಿ ಜಪಾನಿಗೆ ಹೊರಡುವ ಹಿಂದಿನ ದಿನ ಸೂಪರ್‌ಮಾರ್ಕೆಟ್ಟಿನಲ್ಲಿ ನಾಲ್ಕು ಒಳ್ಳೆಯ ನಿಂಬೆಹಣ್ಣು ಆರಿಸಿ, ಟವೆಲಿನಲ್ಲಿ ಸುತ್ತಿ, ರೊಟ್ಟಿ ಬುತ್ತಿಯ ಕೆಳಗೆ ಇಟ್ಟುಕೊಂಡೆ. ಹೆಂಡತಿಗೆ ಹೇಳಲಿಲ್ಲ.

ಜಪಾನಿನಲ್ಲಿ ಇಳಿದು ಬ್ಯಾಗು ಎತ್ತಿಕೊಳ್ಳುವಾಗ ನಮ್ಮನ್ನು ಎದುರುಗೊಂಡದ್ದು ಒಂದು ನಾಯಿ. ಗಿಡ್ಡ ಕಾಲು, ಜೋತುಬಿದ್ದ ಕಿವಿ, ಮೈಮೇಲೆ ಅಧಿಕಾರದ ಅಂಗಿ. ಅದು ಬಂದು ನನ್ನ ಬ್ಯಾಗಿನ ಪಕ್ಕ ಕೂತಿತು. ಪಾಪ, ದಣಿದಿರಬೇಕೆಂದು ನಾನು ಬ್ಯಾಗನ್ನು ಸರಿಸಿ ಜಾಗ ಕೊಟ್ಟೆ. ಅದೂ ಸರಿದು ಮತ್ತೆ ಪಕ್ಕದಲ್ಲೇ ಕೂತಿತು.

"ನೋಡು, ನಮ್ಮ ಶೇಂಗಾ ಚಟ್ನಿ ವಾಸನಿಗೆ ಮರುಳಾಗೇತಿ," ಎಂದೆ.

ಹೆಂಡತಿಯ ಮುಖ ಬಿಗಿಯಿತು. "ರೀ, ಬ್ಯಾಗಿನ್ಯಾಗ ಏನಿಟ್ಟೀರಿ?"

"ಏನಿಲ್ಲ. ರೊಟ್ಟಿ, ಚಟ್ನಿ."

"ಮತ್ತ?"

"ನಿಂಬಿಹಣ್ಣು."

"ಎಷ್ಟು?"

"ಗಾಲಿಗೊಂದು."

ಅವಳು ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಬಿಳಿ ಕೈಗವಸು ತೊಟ್ಟ ಒಬ್ಬ ಅಧಿಕಾರಿ ಬಂದು ಬಗ್ಗಿ ನಮಸ್ಕರಿಸಿದ. ನಾನೂ ಬಗ್ಗಿದೆ. ಅವನು ಇನ್ನೊಮ್ಮೆ ಬಗ್ಗಿದ. ನಾನು ಬಿಡುತ್ತೇನೆಯೇ? "ಪಪ್ಪಾ, ಪೈನ್‌ಲಿಷ್!" ಎಂದು ಮಗಳು ನನ್ನ ಅಂಗಿ ಜಗ್ಗಿದಳು. ಮಾನ ಕಳೀಬೇಡ ಎಂದು ಹೇಳಲು ಅವಳು ಬಳಸುವ ಜರ್ಮನ್ ಪದ ಅದು. ದಿನಕ್ಕೊಮ್ಮೆಯಾದರೂ ನನಗೆ ಸಲ್ಲುತ್ತದೆ.

ಟವೆಲು ಬಿಚ್ಚಿದರು. ನಾಲ್ಕು ನಿಂಬೆಹಣ್ಣು ಸ್ಟೀಲಿನ ಮೇಜಿನ ಮೇಲೆ ಸಾಲಾಗಿ ಕೂತವು. ಹೊರದೇಶದ ಹಸಿ ಹಣ್ಣನ್ನು ಹಾಗೆ ಒಳಗೆ ತರುವಂತಿಲ್ಲವಂತೆ. ಅಧಿಕಾರಿ ಇಂಗ್ಲಿಷಿನಲ್ಲಿ ಕೇಳುತ್ತ ಹೋದ, ಹೆಂಡತಿ ಹೇಳುತ್ತ ಹೋದಳು.

"ತಿನ್ನುವುದಕ್ಕಾ?"

"ಅಲ್ಲ."

"ಕುಡಿಯುವುದಕ್ಕಾ?"

"ಅಲ್ಲ. ಗಾಲಿಯ ಕೆಳಗೆ ಇಡುವುದಕ್ಕೆ."

"ನೀವು ವಾಹನ ತಂದಿದ್ದೀರಾ?"

"ಇಲ್ಲ. ನಿಮ್ಮ ವಾಹನದ ಗಾಲಿಯ ಕೆಳಗೆ."

ಅವನು ತನ್ನ ಹಿರಿಯನನ್ನು ಕರೆದ. ಹಿರಿಯ ಬಂದು ಅದೇ ಪ್ರಶ್ನೆಗಳನ್ನು ಇನ್ನೂ ಹೆಚ್ಚು ವಿನಯದಿಂದ ಕೇಳಿದ. ನಾನು ಸುಮ್ಮನಿರಲಾರದೆ ನನ್ನ ಮುಷ್ಟಿಯನ್ನು ಗಾಲಿ ಮಾಡಿ, ಒಂದು ಹಣ್ಣನ್ನು ಅದರ ಕೆಳಗಿಟ್ಟು, ಪಚಕ್ ಎಂದು ಬಾಯಲ್ಲಿ ಸದ್ದು ಮಾಡಿ ತೋರಿಸಿದೆ. ನಾಯಿ ಬೊಗಳಿತು. ಕೊನೆಗೆ ಹಿರಿಯ ನಾಲ್ಕೂ ಹಣ್ಣುಗಳನ್ನು ತಟ್ಟೆಗೆ ಹಾಕಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ತಲೆಬಾಗಿ ಒಳಗೆ ಒಯ್ದ. ನಮ್ಮೂರ ಪೂಜಾರಿ ಪ್ರಸಾದವನ್ನೂ ಅಷ್ಟು ಭಕ್ತಿಯಿಂದ ಹಿಡಿದದ್ದನ್ನು ನಾನು ಕಂಡಿಲ್ಲ.

ಸತ್ಯ ಹೇಳುತ್ತೇನೆ, ಆಗ ನನ್ನ ಎದೆ ಹಗುರಾಯಿತು. ಇದಕ್ಕಿಂತ ಒಳ್ಳೆಯ ನೆವ ಎಲ್ಲಿ ಸಿಗಬೇಕು?

"ನಿಂಬಿಹಣ್ಣ ಇಲ್ದ ಹೆಂಗ ಹತ್ತೂದು?" ಎಂದು ಹೋಟೆಲಿಗೆ ಹೋಗುವ ದಾರಿಯಲ್ಲಿ ಅತಿ ಗಂಭೀರವಾಗಿ ಹೇಳಿದೆ. "ಪದ್ಧತಿ ಅಂದ್ರ ಪದ್ಧತಿ."

ಹೆಂಡತಿ ಹೋಟೆಲಿನ ಕೆಳಗಿನ ಅಂಗಡಿಗೆ ಹೋಗಿ ಬಂದು, ಪ್ಲಾಸ್ಟಿಕ್ಕಿನಲ್ಲಿ ನವವಧುವಿನ ಹಾಗೆ ಸಿಂಗರಿಸಿಟ್ಟ ಒಂದು ನಿಂಬೆಹಣ್ಣನ್ನು ನನ್ನ ದಿಂಬಿನ ಮೇಲಿಟ್ಟಳು. "ಜಪಾನಿನ್ಯಾಗೂ ನಿಂಬಿಗಿಡ ಅದಾವರಿ. ಇನ್ನ ಮಕ್ಕೋರಿ."

ಮರುದಿನ ಪಾರ್ಕು. ಆ ಕೋಸ್ಟರ್ ದೂರದಿಂದಲೇ ಕಾಣುತ್ತಿತ್ತು, ಯಾರೋ ಸಿಟ್ಟಿನಲ್ಲಿ ಎಸೆದ ಜಿಲೇಬಿಯ ಹಾಗೆ. ಸಾಲಿನಲ್ಲಿ ನಿಂತಾಗ ತಲೆಯ ಮೇಲೆ ಗಾಡಿ ಹಾದುಹೋಯಿತು. ಚಾಲಕನ ಕಣ್ಣಿನಿಂದ ನೋಡಿದೆ. ಹಳಿಯ ಮೇಲೆ ಗಾಲಿ, ಪಕ್ಕದಲ್ಲಿ ಗಾಲಿ, ಹಳಿಯ ಕೆಳಗೂ ಗಾಲಿ! ಗಾಲಿಯೇ ಹಳಿಯ ಕೆಳಗಿದ್ದರೆ ನಿಂಬೆಹಣ್ಣು ಎಲ್ಲಿಡಬೇಕು? ಅದರ ಕೆಳಗೆ ಬರೀ ಗಾಳಿ. ಜೇಬಿನಲ್ಲಿದ್ದ ಹಣ್ಣನ್ನು ಹಿಸುಕುತ್ತ ನಿಂತೆ. ಬೆವರು ಹರಿಯುತ್ತಿತ್ತು. ಹೆಂಡತಿ ಕೆಳಗೆ ಬೆಂಚಿನ ಮೇಲೆ ಕೂತು ಕೈ ಬೀಸುತ್ತಿದ್ದಳು.

ಮಗಳು ನನ್ನ ಕೈ ಹಿಡಿದಿದ್ದಳು. ಒದ್ದೆಯಾದ ಕೈಯನ್ನು ನೋಡಿ, ನನ್ನ ಮುಖ ನೋಡಿದಳು. ಆಮೇಲೆ, ಬೇರೆ ಯಾರಿಗೂ ಕನ್ನಡ ಬರದಿದ್ದರೂ, ಪಿಸುಗುಟ್ಟಿದಳು.

"ಪಪ್ಪಾ, ಬ್ಯಾಡಾದ್ರ ಬ್ಯಾಡ. ಇಟ್ಸ್ ಓಕೆ. ನಾ ಕ್ಲಾಸಿನ್ಯಾಗ ಹೇಳ್ತೀನಿ, ಅದು ಕಪುಟ್ ಇತ್ತು ಅಂತ."

ಕಪುಟ್. ಕೆಟ್ಟು ನಿಂತಿತ್ತು ಎಂದು. ಹೇಳಿ ನಕ್ಕಳು. ಇಷ್ಟು ದಿನ ಇದಕ್ಕಾಗಿ ಕಾದ ಹುಡುಗಿ, ಇಲ್ಲಿಯವರೆಗೆ ಬಂದು, ನನ್ನ ಮರ್ಯಾದೆಗಾಗಿ ಅದನ್ನು ಬಿಟ್ಟುಕೊಡಲು ತಯಾರಾಗಿದ್ದಳು. ನನಗಾಗಿ ಸುಳ್ಳು ಹೇಳುವ ಕೆಲಸ ಅವಳಿಗೆ ಯಾಕೆ ಬರಬೇಕು? ಅದೂ ಅಲ್ಲದೆ, ಸರಿಯಾಗಿ ಓಡುತ್ತಿರುವ ಗಾಡಿಯನ್ನು ಕೆಟ್ಟಿದೆ ಎಂದು ಯಾರಾದರೂ ಅಂದರೆ ಒಬ್ಬ ಚಾಲಕನಾಗಿ ನನಗೆ ತಡೆಯುವುದಿಲ್ಲ.

"ಯಾವ ಕಪುಟ್? ನಡಿ," ಎಂದೆ. "ಮುಂದಿನ ಸಾಲು ಕೇಳು."

ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಜನರನ್ನು ಗಾಡಿಗೆ ಹತ್ತಿಸುವ ಹುಡುಗಿ ಸಂತೋಷದಿಂದ ಮುಂದಿನ ಸಾಲೇ ಕೊಟ್ಟಳು. ಗಾಡಿ ಬಂದು ನಿಂತಿತು. ಗಾಲಿ ಕೈಗೆಟುಕುವಂತಿರಲಿಲ್ಲ. ಹಾಗಾದರೆ ನಿವಾಳಿಸುವುದೊಂದೇ ದಾರಿ. ನಿಂಬೆಹಣ್ಣನ್ನು ತೆಗೆದು ಗಾಡಿಯ ಮೂತಿಗೆ ಮೂರು ಸಲ ಬಲಗಡೆಯಿಂದ, ಮೂರು ಸಲ ಎಡಗಡೆಯಿಂದ ಇಳಿಸಿದೆ. ಹತ್ತಿಸುವ ಹುಡುಗಿ ದಂಗಾಗಿ ನಿಂತಳು. ನಮ್ಮ ಹಿಂದಿನ ಸಾಲಿನ ಜೋಡಿ ಇದು ಇಲ್ಲಿಯ ನಿಯಮವೇ ಇರಬೇಕೆಂದು ತಮ್ಮ ಕೈಲಿದ್ದ ಬಟ್ಟೆಯ ಕರಡಿಯನ್ನು ಮೂರು ಸಲ ಬಲಕ್ಕೆ, ಮೂರು ಸಲ ಎಡಕ್ಕೆ ತಿರುಗಿಸಿದರು. ಅವರ ಹಿಂದಿನವರು ಟೋಪಿ ತಿರುಗಿಸಿದರು. ಹುಡುಗಿ ಓಡಿಬಂದು ನನ್ನ ಹಣ್ಣನ್ನೂ ಅವರ ಕರಡಿಯನ್ನೂ ಎರಡೂ ಕೈಯಲ್ಲಿ ತೆಗೆದುಕೊಂಡು ಬುಟ್ಟಿಯಲ್ಲಿಟ್ಟಳು. ನಾವು ಕೂತದ್ದೇ ಎದೆಯ ಮೇಲೆ ಕಬ್ಬಿಣದ ಪಟ್ಟಿ ಇಳಿಯಿತು. ಇನ್ನು ಇಳಿಯುವಂತಿಲ್ಲ.

ಏರು ನಿಧಾನವಾಗಿತ್ತು. ಟಕ್, ಟಕ್, ಟಕ್. ಕಟ್ಟಕಡೆಯಲ್ಲಿ ಮುಂದೆ ಹಳಿಯೇ ಕಾಣಲಿಲ್ಲ. ಮಗಳು ಎರಡೂ ಕೈ ಮೇಲೆತ್ತಿದಳು. ನಾನು ಕಣ್ಣು ಮುಚ್ಚಿ ಬಲಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತಿದೆ. "ಯವ್ವಾ" ಎಂದು ಕೂಗಬೇಕೆಂದು ಬಾಯಿ ತೆರೆದೆ. ಆದರೆ ಬಾಯಿಂದ ಬಂದದ್ದು ನಾನು ದಿನವೂ ಬಸ್ಸಿನ ಮೈಕಿನಲ್ಲಿ ಜರ್ಮನ್ ಭಾಷೆಯಲ್ಲಿ ಹೇಳುವ ಮಾತು: "ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ! ಮುಂದಿನ ನಿಲ್ದಾಣ, ವಿಶ್ವವಿದ್ಯಾಲಯ!"

ಗಾಡಿ ಬಿತ್ತು. ಹೊಟ್ಟೆ ಮೇಲೆಯೇ ಉಳಿಯಿತು. "ಮುಂದಿನ ನಿಲ್ದಾಣ, ಆಸ್ಪತ್ರೆ!" ತಲೆಕೆಳಗಾದೆವು. ಶಾಲೆಗೆ ಹೋಗಿಬರಲು ಮಗಳು ಹತ್ತುವುದು ಅದೇ ಬಸ್ಸು, ಅವಳಿಗೆ ನಿಲ್ದಾಣಗಳೆಲ್ಲ ಬಾಯಿಪಾಠ. ಅವಳೂ ಕೂಗತೊಡಗಿದಳು. ಒಂದು ತಿರುವಿಗೆ ಒಂದು ನಿಲ್ದಾಣ. ಕೊನೆಯ ದೊಡ್ಡ ಇಳಿಜಾರಿನಲ್ಲಿ ನಾವಿಬ್ಬರೂ ಸೇರಿ "ಹೌಪ್ಟ್‌ಬಾನ್‌ಹೋಫ್!" ಎಂದು ಅರಚಿದೆವು. ನಮ್ಮೂರ ಮುಖ್ಯ ರೈಲು ನಿಲ್ದಾಣ. ಹಿಂದಿನಿಂದ ಕರಡಿಯವರು, ಟೋಪಿಯವರು, ಇಡೀ ಗಾಡಿ ಒಕ್ಕೊರಲಿನಿಂದ "ಹೌಪ್ಟೋ! ಹೌಪ್ಟೋ!" ಎಂದು ಕೂಗಿತು.

ನಿಂತ ಮೇಲೆ ಕಣ್ಣು ತೆರೆದೆ. ಮಗಳು ನಗುತ್ತ ಬಿಕ್ಕಳಿಸುತ್ತಿದ್ದಳು, ಕೂದಲು ಹಕ್ಕಿಗೂಡಾಗಿತ್ತು. "ನೊಖ್‌ಮಾಲ್, ಪಪ್ಪಾ! ಇನ್ನೊಂದ ಸಲ!"

"ಮೊದಲ ನನ್ನ ಕಾಲ ಎಲ್ಲೈತಿ ಹುಡುಕಿ ಕೊಡು," ಎಂದೆ.

ಮೆಟ್ಟಿಲು ಇಳಿಯುವಾಗ ಬಲಗಾಲು ನೆಲಕ್ಕೆ ಊರಲಿಲ್ಲ. ಹಾದಿಯುದ್ದಕ್ಕೂ ಬ್ರೇಕು ಒತ್ತಿದ್ದಕ್ಕೆ ಮೀನಖಂಡ ಕಲ್ಲಾಗಿತ್ತು. ಕೆಳಗೆ ನಿಂತಿದ್ದ ಹೆಂಡತಿ ನಾನು ಕುಂಟುವುದನ್ನು ನೋಡಿ ಗಾಬರಿಯಾದಳು.

"ಏನಾತ್ರೀ?"

"ಪಪ್ಪಾ ಬ್ರೇಕ್ ಹಾಕ್ಯಾನ!" ಎಂದು ಮಗಳು ಊರಿಗೆಲ್ಲ ಕೇಳುವಂತೆ ಹೇಳಿದಳು. "ಮುಂದಿನ ಸಾಲಿನ್ಯಾಗ!"

"ಹಾಕಿದ್ದಕ್ಕ ನಿಂತಿತು ಅದು," ಎಂದೆ. "ಇಲ್ಲಾಂದ್ರ ಇನ್ನೂ ತಿರಗ್ತಿದ್ದಿವಿ."

ಹೆಂಡತಿ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಕಾಲು ತಿಕ್ಕುತ್ತ ನಕ್ಕಳು. ಇಂಜಿನಿಯರ್ ನಗು, ಒಳಗೊಳಗೇ. ರಜೆ ಮುಗಿದು ಶಾಲೆ ಶುರುವಾದ ದಿನ ಮಗಳು ತರಗತಿಯಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲದೆ ಎಲ್ಲ ಹೇಳಿಬಂದಳಂತೆ. ಆಮೇಲಿನಿಂದ ಅವಳ ಗೆಳತಿಯರು ನನ್ನ ಬಸ್ಸು ಹತ್ತುವಾಗ ಗುಡ್ ಮಾರ್ನಿಂಗ್ ಬದಲು "ಬ್ರೇಕ್ ಚೆನ್ನಾಗಿದೆಯಾ?" ಎಂದು ಕೇಳುತ್ತಾರೆ. ಕೇಳಲಿ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಹೆಂಡತಿ ಒಬ್ಬಳು, ಮಗಳು ಒಬ್ಬಳು, ಮೂರು ಕೋಣೆಯ ಬಾಡಿಗೆ ಮನೆ ಒಂದು, ಚಳಿಯಾದಾಗ ಇನ್ನೂ ಹಿಡಿಯುವ ಬಲಗಾಲು ಒಂದು, ಅಂಜಿಕೊಂಡೇ ಹತ್ತಿದ ಸವಾರಿ ಒಂದು.